ಬಿಸಿಲಲ್ಲೂ ತುಂಬುತೋಳು: ತಮಗೆ ತಾವೇ ಗಾಯ ಮಾಡಿಕೊಳ್ಳುವ ಮಕ್ಕಳ ಜತೆ ಇರುವುದು ಹ್ಯಾಗೆ

ಮಾರ್ಚ್ ಕೊನೆಯ ವಾರಕ್ಕೆ ಕಲಬುರಗಿಯ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ತರಗತಿಯ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ. ಹತ್ತು ವರ್ಷದ ಹಿಂದೆ ಅಂಥದೊಂದು ಮಧ್ಯಾಹ್ನ, ಒಂಬತ್ತನೇ ತರಗತಿಯ ಎರಡನೇ ಬೆಂಚಿನಲ್ಲಿ ಒಬ್ಬ ಹುಡುಗಿ ಸ್ವೆಟರ್ ಹಾಕಿಕೊಂಡು ಕೂತಿದ್ದಳು. "ಜ್ವರ ಬಂದಾವೇನ್?" ಅಂದೆ. "ಇಲ್ರೀ ಟೀಚರ್." ಹತ್ತಿರ ಹೋಗಿ ತೋಳು ಸರಿಸಿದವಳೇ ಎಲ್ಲರ ಮುಂದೆ ಕೂಗಿಬಿಟ್ಟೆ: "ಏನ್ ಮಾಡ್ಕೊಂಡಿ ಇದು? ನಿಮ್ಮಪ್ಪಗ ಫೋನ್ ಹಚ್ಲೇನು?" ಹಚ್ಚಿಯೂ ಬಿಟ್ಟೆ. ಅವಳಿಗೆ ಮನೆಯಲ್ಲಿ ಏಟು ಬಿದ್ದವು. ಆಮೇಲೆ ವರ್ಷವಿಡೀ ಆ ಹುಡುಗಿ ನನ್ನ ಮುಖ ನೋಡಿ ಮಾತಾಡಲಿಲ್ಲ. ಅವಳ ಸಂಕಟ ಕಡಿಮೆಯಾಯಿತೋ, ಇನ್ನಷ್ಟು ಒಳಕ್ಕೆ ಇಳಿಯಿತೋ ನನಗೆ ಗೊತ್ತಾಗಲೇ ಇಲ್ಲ. ಗೊತ್ತಾಗುವ ದಾರಿಯನ್ನು ನಾನೇ ಮುಚ್ಚಿದ್ದೆ.

ಆ ತಪ್ಪಿನ ನಂತರ ಡಾಕ್ಟರುಗಳಿಂದ, ಆಪ್ತಸಮಾಲೋಚಕರಿಂದ, ಹೆಚ್ಚಾಗಿ ಮಕ್ಕಳಿಂದಲೇ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ, ಅವ್ವ, ಮುತ್ಯಾ, ಆಯಿ, ಟೀಚರು, ಹಾಸ್ಟೆಲ್ ವಾರ್ಡನ್, ಮಗು ಯಾರ ಜತೆ ಇದೆಯೋ ಅವರಿಗೆ. ಪ್ರಸಂಗಗಳಲ್ಲಿ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮೊದಲು, ಇದು ಏನು

ನಮ್ಮ ಕಡೆ ಇದಕ್ಕೆ ಎರಡೇ ವಿವರಣೆ. ಒಂದು, "ನಾಟಕ ಮಾಡ್ಲಾಕತ್ತದ." ಎರಡು, "ಯಾವುದೋ ಲವ್ ಇರಬೇಕು." ಎರಡೂ ಬಹಳ ಸಲ ತಪ್ಪು.

ಒಳಗಿನ ಸಂಕಟ ತಡೆಯಲಾರದಷ್ಟು ಆದಾಗ, ಅದನ್ನು ಹೇಳಲು ಮಾತೂ ಸಿಗದಿದ್ದಾಗ, ಕೆಲವು ಮಕ್ಕಳು ಮೈಗೆ ನೋವು ಮಾಡಿಕೊಳ್ಳುತ್ತಾರೆ. ಆ ಕ್ಷಣಕ್ಕೆ ಒಂದಿಷ್ಟು ಹಗುರ ಅನಿಸುತ್ತದೆ. ಆಮೇಲೆ ನಾಚಿಕೆ, ತನ್ನ ಮೇಲೇ ಸಿಟ್ಟು. ಆ ನಾಚಿಕೆಯೇ ಮುಂದಿನ ಸಲದ ಸಂಕಟಕ್ಕೆ ಕಟ್ಟಿಗೆ. ಹೀಗೆ ಸುತ್ತು ಸುತ್ತುತ್ತದೆ. ಕೆಲವರು "ಏನೂ ಅನಸ್ತಿರಲಿಲ್ರೀ, ಮರಗಟ್ಟಿದಂಗ ಆಗಿತ್ತು, ಏನರೆ ಅನಸ್ಲಿ ಅಂತ ಮಾಡ್ಕೊಂಡೆ" ಅಂದದ್ದಿದೆ. ಇನ್ನು ಕೆಲವರಿಗೆ ಅದು ತಮಗೆ ತಾವೇ ಕೊಟ್ಟುಕೊಳ್ಳುವ ಶಿಕ್ಷೆ.

ಸಾಮಾನ್ಯವಾಗಿ ಇದು ಶುರುವಾಗುವುದು ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನ ಸುಮಾರಿಗೆ. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಇದ್ದಾರೆ. ಹುಡುಗರ ಗಾಯ ಕಂಡರೆ ನಾವು "ಗಾಡಿ ಮ್ಯಾಲಿಂದ ಬಿದ್ದಿರ್ತಾನ", "ಜಗಳ ಆಡಿರ್ತಾನ" ಅಂದುಕೊಂಡು ಸುಮ್ಮನಾಗುತ್ತೇವೆ. ಸಿಟ್ಟಿಗೆ ಗೋಡೆ ಗುದ್ದಿ ಕೈ ಊದಿಸಿಕೊಳ್ಳುವವನನ್ನು "ಕಡಕ್ ಹುಡುಗ" ಅನ್ನುವವರೂ ಇದ್ದಾರೆ. ಅದೂ ಇದೇ ಸಾಲಿನದು.

ಗಾಯ ಮಾಡಿಕೊಳ್ಳುವ ಎಲ್ಲ ಮಕ್ಕಳೂ ಸಾಯಬೇಕೆಂದು ಮಾಡಿಕೊಳ್ಳುವುದಿಲ್ಲ. ಎಷ್ಟೋ ಸಲ ಬದುಕನ್ನು ಹ್ಯಾಗೋ ತಡೆದುಕೊಳ್ಳಲಿಕ್ಕೇ ಹಾಗೆ ಮಾಡಿರುತ್ತಾರೆ. ಹಾಗಂತ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇಂಥ ಮಕ್ಕಳಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. ಎರಡೂ ಮಾತು ಒಟ್ಟಿಗೆ ನಿಜ.

ಮೊದಲ ಹೆಜ್ಜೆ: ಆ ಐದು ನಿಮಿಷ

ನೀವು ಗಾಯ ನೋಡಿದ ಮೊದಲ ಐದು ನಿಮಿಷದಲ್ಲಿ ಮಗು ಒಂದೇ ವಿಷಯ ಲೆಕ್ಕ ಹಾಕುತ್ತಿರುತ್ತದೆ: ಇವರಿಗೆ ಇನ್ನೊಮ್ಮೆ ಹೇಳಬಹುದೋ, ಬಾರದೋ. ಈ ಲೇಖನದಲ್ಲಿ ಒಂದೇ ಒಂದು ಭಾಗ ಓದಿದರೆ ಸಾಕು ಅನ್ನುವುದಾದರೆ ಇದನ್ನೇ ಓದಿ ಅನ್ನುತ್ತೇನೆ.

ಕೂತುಕೊಳ್ಳಿ. ನಿಂತು ಮಾತಾಡಿದರೆ ವಿಚಾರಣೆ ಆಗುತ್ತದೆ. ಬೇರೆಯವರು ಇದ್ದರೆ ಅವರನ್ನು ಯಾವುದಾದರೂ ನೆಪಕ್ಕೆ ಹೊರಗೆ ಕಳಿಸಿ. ದನಿ ಏರಿಸಬೇಡಿ. ಎದೆ ಹೊಡಕೊಳ್ಳುತ್ತಿದ್ದರೆ ಒಂದು ಗ್ಲಾಸ್ ನೀರು ನೀವು ಕುಡಿಯಿರಿ, ಒಂದು ಗ್ಲಾಸ್ ಅವರಿಗೆ ಕೊಡಿ. ಆಮೇಲೆ ಬರುವ ಮಾತು ಇಷ್ಟೇ ಇದ್ದರೂ ಸಾಕು:

"ಭಾಳ ಸಂಕಟ ಆಗಿರಬೇಕು ನಿಂಗ. ನಾ ಸಿಟ್ಟಿಗೆದ್ದಿಲ್ಲ. ಹೇಳ್ಬೇಕು ಅನಿಸಿದ್ರ ಹೇಳು, ಇಲ್ಲಂದ್ರ ಸುಮ್ನ ಕೂಡೋಣು."

ಯಾಕ ಮಾಡ್ಕೊಂಡಿ ಎಂದು ಕೇಳಬೇಡಿ. "ಯಾಕ" ಅನ್ನುವುದು ಪ್ರಶ್ನೆಯಾಗಿ ಕೇಳಿಸುವುದಿಲ್ಲ, ಆರೋಪವಾಗಿ ಕೇಳಿಸುತ್ತದೆ. ಎಷ್ಟೋ ಮಕ್ಕಳಿಗೆ ಆ ಉತ್ತರ ಗೊತ್ತೂ ಇರುವುದಿಲ್ಲ. "ಯಾವಾಗಿಂದ ಹಿಂಗ ಅನಸ್ಲಾಕತ್ತದ?", "ಇದಕ್ಕಿಂತ ಮುಂಚೆ ಏನಾಗಿತ್ತು?" ಅಂತ ಕೇಳಿದರೆ ಮಾತು ಹೊರಡುತ್ತದೆ.

ಬಾಯಿಗೆ ತಾನೇ ಬರುವ, ಆದರೂ ತಡೆಯಬೇಕಾದ ಮಾತುಗಳಿವೆ. "ನಿಂಗ ಏನ್ ಕಮ್ಮಿ ಮಾಡೀವಿ?" "ಮಂದಿ ನೋಡಿದ್ರ ಏನಂತಾರ?" "ನಾಳೆ ನಿನ್ನ ಯಾರ್ ಲಗ್ನ ಆಗ್ತಾರ?" "ನನ್ನ ಮ್ಯಾಲೆ ಆಣಿ ಮಾಡು, ಇನ್ನೊಮ್ಮೆ ಮಾಡಂಗಿಲ್ಲಂತ." ಕೊನೆಯದು ಪ್ರೀತಿಯ ಮಾತು, ಗೊತ್ತು. ಆದರೆ ಆಣೆ ಮಾಡಿದ ಮಗು ಮುಂದಿನ ಸಲ ತಡೆಯಲಾಗದೆ ಹೋದಾಗ ಗಾಯವನ್ನೂ ಮುಚ್ಚಿಡುತ್ತದೆ, ಆಣೆ ಮುರಿದ ಪಾಪವನ್ನೂ ಹೊರುತ್ತದೆ. ಆಣೆ ಬೇಡ. "ಇನ್ನೊಮ್ಮೆ ಹಂಗ ಅನಿಸಿದ್ರ ನನ್ನ ಎಬ್ಬಿಸು, ರಾತ್ರಿ ಎರಡಾಗಿದ್ರೂ ನಡೀತದ" ಅನ್ನಿ.

ಗುಟ್ಟಿನ ಬಗ್ಗೆ ಸುಳ್ಳು ಭರವಸೆ ಕೊಡಬೇಡಿ. "ಯಾರಿಗೂ ಹೇಳ್ಬ್ಯಾಡ್ರಿ" ಅಂತ ಮಗು ಅಂದೇ ಅನ್ನುತ್ತದೆ. "ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ, ಹೇಳೂಕಿಂತ ಮೊದಲು ನಿಂಗ ತಿಳಿಸ್ತೀನಿ" ಅನ್ನುವುದು ಪ್ರಾಮಾಣಿಕ ಉತ್ತರ.

ಎರಡನೆಯದು: ಗಾಯಕ್ಕೆ ಮದ್ದು

ಗಾಯವನ್ನು ಮಾತಿಲ್ಲದೆ, ಮರ್ಯಾದೆಯಿಂದ ಆರೈಕೆ ಮಾಡಿ. ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ನಿಂತ ಮೇಲೆ ಹರಿಯುವ ನೀರಿನಲ್ಲಿ ತೊಳೆದು ಶುಭ್ರ ಪಟ್ಟಿ ಕಟ್ಟಿ. ಅರಿಶಿನ, ಕಾಫಿಪುಡಿ ತುಂಬಬೇಡಿ. ಸುಟ್ಟಿದ್ದರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಟೂತ್‌ಪೇಸ್ಟ್ ಹಚ್ಚಬೇಡಿ. ಗಾಯ ಬಾಯಿಬಿಟ್ಟಿದ್ದರೆ, ರಕ್ತ ನಿಲ್ಲದಿದ್ದರೆ, ಬೆರಳು ಜುಮುಗುಟ್ಟುತ್ತಿದ್ದರೆ ದವಾಖಾನೆಗೆ ಹೋಗಿ. ಟಿಟಿ ಇಂಜೆಕ್ಷನ್ ಬೇಕೇ ಅಂತ ಅಲ್ಲಿ ಕೇಳಿ.

ಗುಳಿಗೆಯನ್ನೋ, ಹೊಲಕ್ಕೆ ಹೊಡೆಯುವ ಎಣ್ಣೆಯನ್ನೋ (ಕೀಟನಾಶಕ) ನುಂಗಿದ ಅನುಮಾನವಿದ್ದರೆ ಮಾತುಕತೆ ಆಮೇಲೆ. 108ಕ್ಕೆ ಫೋನ್ ಮಾಡಿ, ಡಬ್ಬಿ ಅಥವಾ ಚೀಟಿ ಜತೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. "ಆರಾಮ ಅದೀನಿ" ಅಂದರೂ ನಂಬಿ ಮನೆಯಲ್ಲಿ ಕೂರಬೇಡಿ. ಕೆಲವು ವಿಷಗಳು ಒಳಗೆ ಕೆಲಸ ಶುರುಮಾಡಿ ಒಂದೆರಡು ದಿನದ ಮೇಲೆ ಹೊರಗೆ ಕಾಣುತ್ತವೆ.

"ಪೊಲೀಸ್ ಕೇಸ್ ಆಗ್ತದ" ಅಂತ ಹೆದರಿ ಖಾಸಗಿಯಾಗಿ ಪಟ್ಟಿ ಕಟ್ಟಿಸಿ ಮುಗಿಸುವವರು ಬಹಳ. ಕಾನೂನು ಬದಲಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷೆ ಕೊಡುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮನ್ನು ಉಳಿಸಿಕೊಂಡಿಲ್ಲ. ಆಸ್ಪತ್ರೆಯವರು ದಾಖಲೆ ಬರೆದುಕೊಂಡರೆ ಅದು ನಿಯಮ, ನಿಮ್ಮ ಮಗುವಿನ ಮೇಲಿನ ಅಪರಾಧವಲ್ಲ.

ಮೂರನೆಯದು: ನೇರ ಕೇಳಿ

"ಸತ್ತು ಹೋಗ್ಬೇಕು ಅಂತ ಅನಸ್ತದೇನು?"

ಈ ಮಾತು ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ. ಕೇಳಿದಾಗ ಮಕ್ಕಳು ಹೆಚ್ಚಾಗಿ ಉಸಿರು ಬಿಡುತ್ತಾರೆ, ಕೊನೆಗೂ ಒಬ್ಬರು ಕೇಳಿದರಲ್ಲಾ ಅಂತ. "ಏನೇನೋ ವಿಚಾರ ಬರ್ತಾವೇನು" ಎಂದು ಸುತ್ತಿ ಬಳಸಿ ಕೇಳಿದರೆ "ಇಲ್ರೀ" ಅನ್ನುವುದು ಅವರಿಗೆ ಸುಲಭ.

"ಹೌದು" ಅಂದರೆ ಮುಂದಕ್ಕೆ ಕೇಳಿ: ಹ್ಯಾಗೆ ಅಂತ ಯೋಚಿಸಿದ್ದೀಯಾ? ಯಾವಾಗ ಅಂತ? ಮೊದಲೆಂದಾದರೂ ಪ್ರಯತ್ನಿಸಿದ್ದೆಯಾ? ಇವುಗಳಲ್ಲಿ ಒಂದಕ್ಕೆ ಹೌದು ಬಂದರೂ ಆ ಹೊತ್ತಿನಿಂದ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಾಳೆ ಅಮಾಸಿ, ನಾಡಿದ್ದು ಸಂತೆ ಅಂತ ಮುಂದೂಡಬೇಡಿ.

ನಾಲ್ಕನೆಯದು: ಮನೆಯ ಮೂಲೆ ಮೂಲೆ ನೋಡಿ

ನಮ್ಮದು ತೊಗರಿ ನಾಡು. ಹೂವಿನ ಹೊತ್ತಿಗೆ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುತ್ತೇವೆ. ಉಳಿದರ್ಧ ಡಬ್ಬಿ ಪಡಸಾಲೆಯ ಮಾಡದಲ್ಲೋ, ಮಂಚದ ಕೆಳಗೋ ಕೂತಿರುತ್ತದೆ. ಅದನ್ನು ಇವತ್ತೇ ಮನೆಯಿಂದ ತೆಗೆಯಿರಿ. ಹೊಲದ ಕೋಣೆಯಲ್ಲಿ ಬೀಗದ ಪೆಟ್ಟಿಗೆಯಲ್ಲಿಡಿ, ಚಾವಿ ಒಬ್ಬ ದೊಡ್ಡವರ ಹತ್ತಿರವೇ ಇರಲಿ. ಮುತ್ಯಾನ ಬಿಪಿ ಗುಳಿಗೆ, ಸಕ್ಕರೆ ಗುಳಿಗೆಗಳನ್ನೂ ಹಾಗೆಯೇ ಬೀಗದಲ್ಲಿಟ್ಟು ದಿನದ ಲೆಕ್ಕಕ್ಕೆ ಕೊಡಿ. ಚೂಪಾದ ವಸ್ತುಗಳನ್ನು ಕೈಗೆ ಸುಲಭಕ್ಕೆ ಸಿಗದಂತೆ ಇಡಿ.

"ಮಾಡ್ಕೊಳ್ಳೋರು ಹ್ಯಾಂಗರೆ ಮಾಡ್ಕೋತಾರ" ಅನ್ನುವ ಮಾತು ಸುಳ್ಳು. ಆ ತೀವ್ರ ಕ್ಷಣ ಬಹಳ ಹೊತ್ತು ಇರುವುದಿಲ್ಲ. ಅಷ್ಟರಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಹಾಗೆಂದು ಮಗುವಿನ ಕೋಣೆಯ ಬಾಗಿಲು ಕಿತ್ತುಹಾಕುವುದು, ದಿನಾ ತೋಳು ಮಡಚಿಸಿ ತಪಾಸಣೆ ಮಾಡುವುದು ಬೇಡ. ಏನು ತೆಗೆದಿಡುತ್ತಿದ್ದೇವೆ, ಯಾಕೆ ಅಂತ ಮಗುವಿಗೆ ಹೇಳಿಯೇ ಮಾಡಿ.

ಐದನೆಯದು: ಸಂಕಟ ಏರಿದಾಗ ಏನು ಮಾಡುವುದು, ಬರೆದಿಡಿ

ತಡೆಯಲಾರದ ಆ ಅನಿಸಿಕೆ ಏರುತ್ತದೆ, ತುದಿಗೆ ಹೋಗುತ್ತದೆ, ಇಳಿಯುತ್ತದೆ. ಏರುವಾಗ ಮಗುವಿನ ತಲೆ ಓಡುವುದಿಲ್ಲ. ಅದಕ್ಕೇ ಮನಸ್ಸು ಸಮಾಧಾನದಲ್ಲಿದ್ದಾಗ, ಮಗುವಿನ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿ.

ಸಂಕಟ ಶುರುವಾಗುವ ಗುರುತೇನು? ("ಎದಿ ಬಿಗೀತದ, ಫೋನ್ ಬಂದ್ ಮಾಡಿ ಹಾಸಿಗಿ ಹಿಡೀತೀನಿ.") ಒಬ್ಬರೇ ಇದ್ದಾಗ ಏನು ಮಾಡಬಹುದು? ಮುಖಕ್ಕೆ ತಣ್ಣೀರು, ಮಾಳಿಗೆಯ ಬದಲು ಅಂಗಳಕ್ಕೆ ಬರುವುದು, ಜೋರಾಗಿ ನಡೆಯುವುದು, ಹಾಳೆ ಹರಿಯುವುದು, ಬರೆಯುವುದು. ಯಾರ ಹತ್ತಿರ ಹೋಗಿ ಕೂರಬಹುದು, ವಿಷಯ ಹೇಳದೆಯೂ? ಹೇಳಲೇಬೇಕೆನಿಸಿದರೆ ಯಾರಿಗೆ? ಎರಡು ಹೆಸರು ಬೇಕು, ಒಬ್ಬರು ಫೋನ್ ಎತ್ತದಿದ್ದರೆ ಇನ್ನೊಬ್ಬರು. ಕೊನೆಗೆ 14416 ಸಹಾಯವಾಣಿ, ಅದರ ವಿವರ ಮುಂದೆ ಇದೆ.

ಒಬ್ಬ ಹುಡುಗ ಇದನ್ನು ಕಂಪಾಸ್ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಕೊಂಡಿದ್ದ. ಅವನ ಅಪ್ಪ ಅವ್ವ ಪುಣೆಗೆ ದುಡಿಯಲು ಹೋಗಿದ್ದರು, ಯಾದಗಿರಿ ಕಡೆಯ ಊರಲ್ಲಿ ಮುತ್ಯಾ ಜತೆ ಇದ್ದ. ಮುತ್ಯಾಗೆ ಓದು ಬರಹ ಇಲ್ಲ, ಮಾನಸಿಕ ಆರೋಗ್ಯದ ಬಗ್ಗೆ ಯಾರೂ ಪಾಠ ಮಾಡಿರಲಿಲ್ಲ. ವಿಷಯ ತಿಳಿದ ರಾತ್ರಿ ಅವರು ಮಾಡಿದ್ದು ಇಷ್ಟೇ: ತಮ್ಮ ಹೊರಸನ್ನು ಎಳೆದು ತಂದು ಮೊಮ್ಮಗನ ಹಾಸಿಗೆ ಪಕ್ಕ ಹಾಕಿಕೊಂಡರು. "ಯಾಕ ಮುತ್ಯಾ?" ಅಂದದ್ದಕ್ಕೆ "ಅಲ್ಲಿ ಸೊಳ್ಳಿ ಭಾಳ ಅವ" ಅಂದರಂತೆ. ಎರಡು ತಿಂಗಳು ಅಲ್ಲೇ ಮಲಗಿದರು. ಆ ಹಾಳೆಯ "ಯಾರಿಗೆ" ಅನ್ನುವ ಸಾಲಿನಲ್ಲಿ ಹುಡುಗ ಬರೆದ ಮೊದಲ ಹೆಸರು ಮುತ್ಯಾನದು.

ಎದುರು ಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಈ ವಯಸ್ಸಿನವರು ಬಾಯಿ ಬಿಡುವುದು ಕಡಿಮೆ. ಅವ್ವ ರೊಟ್ಟಿ ಬಡಿಯುವಾಗ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತಾ ಮಗಳು ಹೇಳಿದ ಮಾತುಗಳನ್ನು ಯಾವ ಆಪ್ತಸಮಾಲೋಚನೆಯ ಕೋಣೆಯಲ್ಲೂ ಹೇಳಿರಲಿಲ್ಲ ಅಂತ ಒಬ್ಬ ತಾಯಿ ಅಂದಿದ್ದರು. ಬೈಕಿನ ಹಿಂದೆ ಕೂರಿಸಿಕೊಂಡು ಪಬ್ಲಿಕ್ ಗಾರ್ಡನ್ ತನಕ ಹೋಗಿ ಬರುವ ದಾರಿಯೂ ಆದೀತು.

ಆರನೆಯದು: ಯಾರ ಕಡೆ ಹೋಗುವುದು

14416 ಟೆಲಿ ಮಾನಸ್ ಸಹಾಯವಾಣಿ, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಫೋನ್ ಮಾಡಬೇಕೆಂದಿಲ್ಲ. ಏನು ಮಾಡಲಿ ಅಂತ ತೋಚದ ಅಪ್ಪ ಅವ್ವಂದಿರೂ ಮಾಡಬಹುದು, ನಾನೂ ಮಾಡಿದ್ದೇನೆ.

ಮೂರೂ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ: ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ಹೊರರೋಗಿ ಚೀಟಿ ಮಾಡಿಸುವಾಗ "ಮನೋರೋಗ ವಿಭಾಗ" ಅಂತ ಹೇಳಿ. ಕೌಂಟರಿನಲ್ಲಿ ಹಾಗೆ ಜೋರಾಗಿ ಹೇಳಲು ಮುಜುಗರವಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ ತೋರಿಸಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, 10ರಿಂದ 19 ವಯಸ್ಸಿನವರಿಗೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹತ್ತಿರದ್ದು ಎಲ್ಲಿ, ಯಾವ ದಿನ ಅಂತ ಹೇಳುತ್ತಾರೆ.

ಡಾಕ್ಟರರ ಹತ್ತಿರ ಹೋದ ಕೂಡಲೇ ಗುಳಿಗೆ ಕೊಡುತ್ತಾರೆ, ಮಗು ಮಂಕಾಗುತ್ತದೆ ಅನ್ನುವ ಭಯ ಬೇಡ. ಗಾಯ ಮಾಡಿಕೊಳ್ಳುವುದನ್ನು ನಿಲ್ಲಿಸಲೆಂದೇ ಇರುವ ಗುಳಿಗೆ ಯಾವುದೂ ಇಲ್ಲ. ಮುಖ್ಯ ಚಿಕಿತ್ಸೆ ಮಾತಿನದು. ತೀವ್ರ ಭಾವನೆಗಳನ್ನು ತಡೆದುಕೊಳ್ಳುವುದನ್ನು, ಬೇರೆ ದಾರಿ ಹುಡುಕುವುದನ್ನು ವಾರವಾರ ಕಲಿಸುತ್ತಾರೆ. ಜತೆಗೆ ಖಿನ್ನತೆಯೋ ವಿಪರೀತ ಆತಂಕವೋ ಇದ್ದರೆ ಅದಕ್ಕೆ ಔಷಧ. ನಾಲ್ಕು ದಿನಕ್ಕೆ ಫಲ ಕಾಣುವುದಿಲ್ಲ, ನಡುವೆ ಬಿಡಬೇಡಿ.

ಗಾಣಗಾಪುರಕ್ಕೆ ಹೋಗಬೇಕೇ, ದರ್ಗಾಕ್ಕೆ ಹೋಗಬೇಕೇ ಅಂತ ಕೇಳುತ್ತಾರೆ. ಹೋಗಿ. ಶರಣಬಸಪ್ಪನ ಗುಡಿಯಲ್ಲಿ ಕೂತರೆ ನನಗೂ ಸಮಾಧಾನ ಆಗುತ್ತದೆ. ಆದರೆ ಡಾಕ್ಟರರ ದಿನ ತಪ್ಪಿಸಿ ಹೋಗಬೇಡಿ. ಗಾಳಿ ಸೋಕಿದೆ ಅಂತ ಮಗುವನ್ನು ಹೊಡೆಯುವ, ಉಪವಾಸ ಕೆಡವುವ, ಮಂದಿಯ ಮುಂದೆ ನಿಲ್ಲಿಸುವ ಯಾವುದಕ್ಕೂ ಒಪ್ಪಬೇಡಿ.

ಗಾಯದ ಹಿಂದೆ ಏನಿದೆ

ಒಂದೇ ಕಾರಣ ಹುಡುಕಬೇಡಿ, ಸಾಮಾನ್ಯವಾಗಿ ನಾಲ್ಕೈದು ಸೇರಿಕೊಂಡಿರುತ್ತವೆ. ನಮ್ಮ ಕಡೆ ಪದೇ ಪದೇ ಕಾಣುವುದನ್ನು ಮಾತ್ರ ಹೇಳುತ್ತೇನೆ.

ಪರೀಕ್ಷೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಕೊನೆಯ ಸ್ಥಾನ, 2025ರಲ್ಲಿ ಕಲಬುರಗಿ. ಜಿಲ್ಲೆಯ ಮೇಲಿನ ಆ ನಾಚಿಕೆಯನ್ನು ತರಗತಿಯಲ್ಲಿ ಹದಿನೈದರ ಮಕ್ಕಳ ಹೆಗಲಿಗೆ ಹೊರಿಸುತ್ತೇವೆ, ನಾವು ಟೀಚರುಗಳೇ. ಮುಂದೆ ನೀಟ್ ಕೋಚಿಂಗು, ಹಾಸ್ಟೆಲು, "371ಜೆ ಸೀಟಿದ್ರೂ ತೊಗೊಳ್ಳಾಕ ಆಗ್ಲಿಲ್ಲೇನು?" ಅನ್ನುವ ಮಾತು (371ಜೆ ಅಂದರೆ ಸಂವಿಧಾನದಲ್ಲಿ ನಮ್ಮ ಭಾಗಕ್ಕೆಂದು ಇರುವ ಮೀಸಲಾತಿ). ಈಗ ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಫಲಿತಾಂಶದ ಮುಂಚಿನ ದಿನವೇ ಮಗುವಿಗೆ ಇದನ್ನು ಹೇಳಿಡಿ, ಆ ದಿನ ಮನೆಯಲ್ಲಿ ಒಬ್ಬರು ದೊಡ್ಡವರು ಇರಿ.

ಓದು ಬಿಡಿಸಿ ಲಗ್ನ ಮಾಡುವ ಮಾತು ಇನ್ನೊಂದು. ಮನೆಗೆ ಹುಡುಗನ ಕಡೆಯವರು ಬಂದು ಹೋದ ವಾರವೇ ಗಾಯ ಕಂಡ ಹುಡುಗಿಯರಿದ್ದಾರೆ. ಹದಿನೆಂಟು ತುಂಬದವರಾದರೆ 1098 ಮಕ್ಕಳ ಸಹಾಯವಾಣಿಗೆ ಕರೆ ಮಾಡಿ, ಯಾರು ಬೇಕಾದರೂ ಮಾಡಬಹುದು.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ "ಮನಿತನದ ಮರ್ಯಾದಿ" ಅಂತ ಮುಚ್ಚುವ ಹಕ್ಕು ನಮಗಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ವರದಿ ಮಾಡಲೇಬೇಕು. ಗುಟ್ಟಿನ ಭರವಸೆ ಕೊಡಬೇಡಿ ಅಂದದ್ದು ಇದಕ್ಕೂ ಸೇರಿ.

ಶಾಲೆಯವರಿಗೆ

ಅಸೆಂಬ್ಲಿಯಲ್ಲಿ ಭಾಷಣ ಮಾಡಬೇಡಿ. ಗಾಯದ ಫೋಟೊ ತೆಗೆಯಬೇಡಿ, ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಗೆಳೆಯರ ಗುಂಪಿನಲ್ಲಿ ಇದು ಒಬ್ಬರಿಂದ ಒಬ್ಬರಿಗೆ ಹಬ್ಬಬಹುದು, ಹ್ಯಾಗೆ ಮಾಡಿಕೊಂಡರು ಅನ್ನುವ ವಿವರ ಹರಿದಾಡಿದಷ್ಟೂ ಹೆಚ್ಚು. ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ ಆ ಮಗುವಿನ ಜತೆಗಿದ್ದರೆ ಸಾಕು, ಹನ್ನೆರಡು ಜನ ಬುದ್ಧಿ ಹೇಳುವುದು ಬೇಡ. ಮನೆಗೆ ತಿಳಿಸುವಾಗ ಮಗು ಜತೆಗಿರಲಿ. ಮನೆಯಲ್ಲಿ ಹೊಡೆಯುತ್ತಾರೆ ಅನಿಸಿದರೆ ಅಪ್ಪನ ಬದಲು ಅಕ್ಕನನ್ನೋ ಕಾಕಾನನ್ನೋ ಮೊದಲು ಕರೆಸಿ. ಗೆಳತಿಯ ಗುಟ್ಟು ತಂದು ಹೇಳಿದ ಹುಡುಗಿಯನ್ನು ಮರೆಯಬೇಡಿ. ಅವಳೂ ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾಳೆ.

ಮತ್ತೆ ಮಾಡಿಕೊಂಡರೆ

ಮಾಡಿಕೊಳ್ಳಬಹುದು. ಮೂರು ತಿಂಗಳು ಚೆನ್ನಾಗಿದ್ದು ಒಂದು ರಾತ್ರಿ ಮತ್ತೆ ಆದರೆ ಆ ಮೂರು ತಿಂಗಳು ಸುಳ್ಳಾಗುವುದಿಲ್ಲ. "ಇಷ್ಟೆಲ್ಲಾ ಮಾಡಿದ್ದು ನೀರಾಗ ಹೋಯ್ತು" ಅನ್ನಬೇಡಿ. ಹಾಳೆ ತೆಗೆಯಿರಿ, ಯಾವ ಸಾಲು ಕೆಲಸ ಮಾಡಲಿಲ್ಲ ಅಂತ ಇಬ್ಬರೂ ನೋಡಿ, ಅದನ್ನು ಹೊಡೆದುಹಾಕಿ ಬೇರೆ ಬರೆಯಿರಿ. ಡಾಕ್ಟರರಿಗೆ ತಿಳಿಸಿ. ಸಾಯುವ ವಿಚಾರ ಬಂದಿದೆಯಾ ಅಂತ ಮತ್ತೊಮ್ಮೆ ನೇರವಾಗಿ ಕೇಳಿ.

ನಿಮ್ಮ ಕೈಕಾಲು ಸೋತರೆ ಅದೂ ಸಹಜ. ಒಬ್ಬರೇ ಹೊರಬೇಡಿ, ರಾತ್ರಿ ಎಚ್ಚರವಿರುವ ಸರದಿಯನ್ನು ಮನೆಯಲ್ಲಿ ಇಬ್ಬರು ಹಂಚಿಕೊಳ್ಳಿ.

ಇದನ್ನು ಓದುತ್ತಿರುವ ನೀನೇ ಆ ತುಂಬುತೋಳಿನ ಹುಡುಗಿಯೋ ಹುಡುಗನೋ ಆಗಿದ್ದರೆ: ಬಾಯಿ ಬಿಟ್ಟು ಹೇಳಲಾಗದಿದ್ದರೆ ಚೀಟಿ ಬರೆದು ಕೊಡು. "ನನಗೆ ನಾನೇ ಗಾಯ ಮಾಡ್ಕೋತೀನಿ, ಬೈಬ್ಯಾಡ್ರಿ, ಸಹಾಯ ಬೇಕು" ಅಂತ ಒಂದು ಸಾಲು ಸಾಕು. ಮೊದಲು ಹೇಳಿದವರು ನನ್ನ ಹಾಗೆ ಕೂಗಾಡಿಬಿಟ್ಟರೆ ತಪ್ಪು ಅವರದು, ನಿನ್ನದಲ್ಲ. ಎರಡನೆಯವರಿಗೆ ಹೇಳು. ಈ ರಾತ್ರಿ ಯಾರೂ ಇಲ್ಲ ಅನಿಸಿದರೆ 14416ಕ್ಕೆ ಕರೆ ಮಾಡು. ಆ ಕಡೆಯವರು ಹಲೋ ಅಂದಾಗ ಅಳು ಬಂದು ಮಾತೇ ಹೊರಡದಿದ್ದರೂ ಕಟ್ ಮಾಡಬೇಡ.